ಕಲ್ಲಚ್ಚಿನ ಮೋಗ್ಲಿಂಗರು

ಜುಲೈ ತಿಂಗಳ ಮೊದಲನೆಯ ತಾರೀಕನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತಾರೆ. 1843ನೆಯ ಇಸವಿಯಲ್ಲಿ ಅದೇ ತಾರೀಕಿನಂದು ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ ಹೊರಬಿದ್ದಿತು. ಕಳೆದ ವರ್ಷ ಆ ದಿನ ನಮ್ಮ ಕಾಲೇಜಿನ ಕನ್ನಡ ಸಂಘದವರು ಆ ಪತ್ರಿಕೆಯ ಒಂದು ಪುಟದ ಛಾಯಾಪ್ರತಿಯನ್ನು ಫಲಕಕ್ಕೆ ಅಂಟಿಸಿ, ಅದರ ಸಂಪಾದಕರಾಗಿದ್ದ ಹರ್ಮನ್ ಮೋಗ್ಲಿಂಗರ ಭಾವಚಿತ್ರವನ್ನು ಪಕ್ಕದಲ್ಲಿರಿಸಿ ಮಲ್ಲಿಗೆಯ ಹಾರ ಹಾಕಿದ್ದರು.

ಆ ಹಾರದಿಂದಲೇ ನಮ್ಮ ತರಗತಿಯಲ್ಲಿ ವಾದ ಹುಟ್ಟಿತು. ಮತವನ್ನು ಪ್ರಚಾರಮಾಡಲೆಂದು ಸಮುದ್ರ ದಾಟಿ ಬಂದ ಪಾದ್ರಿಯೊಬ್ಬರಿಗೆ ನಾವೇಕೆ ಹಾರ ಹಾಕಬೇಕೆಂದು ಕೆಲವರು ಕೇಳಿದರು. ಕನ್ನಡಕ್ಕೆ ಇಷ್ಟು ದುಡಿದವರನ್ನು ಹೀಗೆ ಅಳೆಯುವುದು ಕೃತಘ್ನತೆಯೆಂದು ಮತ್ತೆ ಕೆಲವರು ಹೇಳಿದರು. ಗಂಟೆ ಬಾರಿಸಿತು, ಅಧ್ಯಾಪಕರು ಬಂದರು, ವಾದ ಅಲ್ಲಿಗೇ ನಿಂತಿತು. ನಾನು ಯಾವ ಪಕ್ಷಕ್ಕೂ ಸೇರಿರಲಿಲ್ಲ. ನಿಜ ಹೇಳಬೇಕೆಂದರೆ, ಆ ಹೆಸರಿನ ಹೊರತು ಮೋಗ್ಲಿಂಗರ ವಿಷಯವಾಗಿ ನನಗೆ ಏನೂ ತಿಳಿದಿರಲಿಲ್ಲ.

ಸಾಯಂಕಾಲ ಮನೆಗೆ ಹೋದವನು, ಫೋನಿನಲ್ಲಿ ತೆಗೆದಿದ್ದ ಆ ಪುಟದ ಚಿತ್ರವನ್ನು ಅಜ್ಜನಿಗೆ ತೋರಿಸಿದೆ. ನಮ್ಮ ಅಜ್ಜ ಪೇಟೆಯ ಒಂದು ಸಣ್ಣ ಅಚ್ಚುಕೂಟದಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಮೊಳೆ ಜೋಡಿಸಿದವರು. ಕಂಪ್ಯೂಟರು ಬಂದ ಮೇಲೆ ಆ ಅಚ್ಚುಕೂಟ ಮುಚ್ಚಿತು. ಸೀಸದ ಮೊಳೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಅಜ್ಜ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಮೋಗ್ಲಿಂಗರ ಮತದ ಬಗ್ಗೆಯಾಗಲಿ ದೇಶದ ಬಗ್ಗೆಯಾಗಲಿ ಅವರು ಏನೂ ಕೇಳಲಿಲ್ಲ. ಇದು ಮೊಳೆಯ ಕೆಲಸವಲ್ಲ, ಒಂದೇ ಅಕ್ಷರ ಎರಡು ಕಡೆ ಎರಡು ರೂಪದಲ್ಲಿದೆ, ಇದು ಯಾರೋ ಕೈಯಲ್ಲಿ ಬರೆದದ್ದು ಎಂದರು. ಹಾಗಾದರೆ ಬರೆದವರು ಯಾರು ಎಂಬುದು ಅವರ ಮುಂದಿನ ಪ್ರಶ್ನೆ. ಆ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಓದಿ ತಿಳಿದುಕೊಂಡ ಮೋಗ್ಲಿಂಗರ ಜೀವನವನ್ನು ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಹರ್ಮನ್ ಫ್ರೆಡ್ರಿಕ್ ಮೋಗ್ಲಿಂಗರು 1811ನೆಯ ಇಸವಿ ಮೇ 29ರಂದು ಜರ್ಮನಿಯ ನೈರುತ್ಯ ಭಾಗದಲ್ಲಿರುವ ವುರ್ಟೆಂಬರ್ಗ್ ರಾಜ್ಯದ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ಅದು ದ್ರಾಕ್ಷಿ ತೋಟಗಳ ನಾಡು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಅವರು ದೇವಶಾಸ್ತ್ರವನ್ನು ಅಭ್ಯಾಸಮಾಡಿದರು. ವ್ಯಾಸಂಗ ಮುಗಿದ ಮೇಲೆ ಸ್ವದೇಶದಲ್ಲಿಯೇ ಯಾವುದಾದರೊಂದು ಹಳ್ಳಿಯ ಸಭಾಪಾಲಕರಾಗಿ ನೆಮ್ಮದಿಯಿಂದ ಬಾಳಬಹುದಾಗಿತ್ತು. ಆದರೆ ಅವರ ಮನಸ್ಸು ಹೊರನಾಡಿನ ಸೇವೆಯ ಕಡೆಗೆ ತಿರುಗಿತು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಒಂದು ಮಿಶನ್ ಸಂಸ್ಥೆ ಸ್ಥಾಪನೆಯಾಗಿತ್ತು. ಅದರಲ್ಲಿ ಸೇರಿದವರಲ್ಲಿ ಬಹು ಮಂದಿ ವುರ್ಟೆಂಬರ್ಗಿನವರು; ಅನೇಕರು ರೈತರ, ಕುಶಲಕರ್ಮಿಗಳ ಮನೆಗಳಿಂದ ಬಂದವರು. ಕೈಕೆಲಸವನ್ನು ಅವರು ಕೀಳೆಂದು ಎಣಿಸುತ್ತಿರಲಿಲ್ಲ. ಈ ಸ್ವಭಾವವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ನಮ್ಮ ಕರಾವಳಿಯಲ್ಲಿ ನಡೆದ ಅನೇಕ ಸಂಗತಿಗಳು ಸುಲಭವಾಗಿ ಅರ್ಥವಾಗುತ್ತವೆ. ಈಸ್ಟ್ ಇಂಡಿಯಾ ಕಂಪೆನಿಗೆ 1833ರಲ್ಲಿ ಹೊಸ ಸನ್ನದು ದೊರೆತಾಗ ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷ, ಅಂದರೆ 1834ರ ಅಕ್ಟೋಬರ್ ತಿಂಗಳಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಅವರ ಹಿಂದೆ 1836ರಲ್ಲಿ ಬಂದವರಲ್ಲಿ ಮೋಗ್ಲಿಂಗರೂ ಒಬ್ಬರು. ಆಗ ಅವರಿಗೆ ಇಪ್ಪತ್ತೈದು ವರ್ಷ.

ಅವರು ಕಾಲಿಟ್ಟ ನಾಡು ಶಾಂತವಾಗಿರಲಿಲ್ಲ. ಟಿಪ್ಪುವಿನ ಪತನವಾದ 1799ರಿಂದ ಕೆನರಾ ಜಿಲ್ಲೆ ಕಂಪೆನಿಯ ಕೈಯಲ್ಲಿತ್ತು. 1834ರಲ್ಲಿ ಕೊಡಗಿನ ಅರಸನಾದ ಚಿಕ್ಕ ವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಆ ದೇಶವನ್ನೂ ಸೇರಿಸಿಕೊಂಡಾಗಿತ್ತು. 1837ರ ಏಪ್ರಿಲ್ ತಿಂಗಳಲ್ಲಿ ಸುಳ್ಯ ಸೀಮೆಯಿಂದ ಎದ್ದ ರೈತರ ದಂಡು ಮಂಗಳೂರನ್ನೇ ಹಿಡಿದು ಕೆಲವು ದಿನ ತನ್ನ ವಶದಲ್ಲಿಟ್ಟುಕೊಂಡಿತು. ಕಂಪೆನಿಯ ಸರಕಾರ ಆ ದಂಗೆಯನ್ನು ಕ್ರೂರವಾಗಿ ಅಡಗಿಸಿತು. ಹೊಸದಾಗಿ ಬಂದ ಬಿಳಿಯ ಪಾದ್ರಿಯನ್ನು ಊರಿನವರು ಆಳುವವರ ಕಡೆಯವನೆಂದೇ ಭಾವಿಸಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಮೋಗ್ಲಿಂಗರು ಮೊದಲು ಕನ್ನಡ ಕಲಿತರು. ಕೆಲವು ಕಾಲ ಧಾರವಾಡ, ಹುಬ್ಬಳ್ಳಿಯ ಕಡೆಗೆ ಹೋಗಿ ಅಲ್ಲಿಯ ಜನರ ಮಾತನ್ನೂ ಮಠಗಳ ವಿಚಾರವನ್ನೂ ತಿಳಿದುಕೊಂಡರು. ಬಳಿಕ ಮಂಗಳೂರಿಗೆ ಮರಳಿ ಹುಡುಗರ ಶಾಲೆಯ ಕೆಲಸವನ್ನು ವಹಿಸಿಕೊಂಡರು. ಹುಡುಗರ ಜೊತೆಗೇ ವಾಸಮಾಡಿ ಅವರಿಂದಲೂ ಭಾಷೆಯನ್ನು ಕಲಿತರು. ಗಾದೆ, ಕಥೆ, ದಾಸರ ಪದ, ಯಕ್ಷಗಾನ ಪ್ರಸಂಗ, ಏನು ಕಿವಿಗೆ ಬಿದ್ದರೂ ಅದನ್ನು ಸಂಗ್ರಹಿಸುವ ಅಭ್ಯಾಸ ಅವರಿಗೆ ಆಗಲೇ ಬಂದಿತು. ಜನರಿಗೆ ಬೋಧಿಸಬೇಕಾದರೆ ಜನರ ಮನಸ್ಸನ್ನು ಮೊದಲು ಅರಿಯಬೇಕೆಂಬುದು ಅವರ ಲೆಕ್ಕಾಚಾರ. ಆದರೆ ಅರಿಯಲು ಹೊರಟವರು ಅರಿಯುವುದರಲ್ಲಿಯೇ ಮುಳುಗಿಬಿಟ್ಟರೆಂದು ನನಗೆ ಅನ್ನಿಸುತ್ತದೆ.

ಆ ಕಾಲದಲ್ಲಿ ಕನ್ನಡದ ಪುಸ್ತಕವೆಂದರೆ ಓಲೆಗರಿಯ ಕಟ್ಟು. ತಾಳೆಯ ಗರಿಯನ್ನು ಹದಮಾಡಿ, ಕಂಠವೆಂಬ ಉಕ್ಕಿನ ಮೊನೆಯಿಂದ ಅಕ್ಷರಗಳನ್ನು ಗೀರಿ, ಮೇಲೆ ಮಸಿ ಬಳಿದು ಒರಸಿದರೆ ಗೀರಿದ ಕಡೆ ಮಾತ್ರ ಕಪ್ಪು ನಿಲ್ಲುತ್ತದೆ. ಒಂದು ಪುರಾಣವನ್ನು ಪ್ರತಿಮಾಡಲು ತಿಂಗಳುಗಟ್ಟಲೆ ಬೇಕು. ಹೀಗೆ ಬರೆದ ಕಟ್ಟುಗಳು ಮಠದಲ್ಲಿಯೋ ಬಸದಿಯಲ್ಲಿಯೋ ಉಳ್ಳವರ ಮನೆಯ ಅಟ್ಟದಲ್ಲಿಯೋ ಇರುತ್ತಿದ್ದವು. ಸೀಸದ ಮೊಳೆಗಳಲ್ಲಿ ಕನ್ನಡವನ್ನು ಅಚ್ಚುಮಾಡುವ ವಿದ್ಯೆ ಅದಾಗಲೇ ಹುಟ್ಟಿತ್ತೆಂಬುದು ನಿಜ. 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಅಚ್ಚಾಗಿತ್ತು; ಮದರಾಸಿನಲ್ಲಿಯೂ ಬಳ್ಳಾರಿಯಲ್ಲಿಯೂ ಮುದ್ರಣ ನಡೆದಿತ್ತು. ಪಶ್ಚಿಮ ಕರಾವಳಿಯಲ್ಲಿ ಮಾತ್ರ ಕನ್ನಡದ ಅಚ್ಚುಕೂಟವಿರಲಿಲ್ಲ.

1841ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಯಂತ್ರವನ್ನು ಸ್ಥಾಪಿಸಿದರು. ಈ ಕಲ್ಲಚ್ಚು ಏನೆಂಬುದನ್ನು ಸ್ವಲ್ಪ ವಿವರಿಸಬೇಕು. ಬವೇರಿಯದ ಸೆನೆಫೆಲ್ಡರ್ ಎಂಬಾತನು 1796ರ ಸುಮಾರಿಗೆ ಕಂಡುಹಿಡಿದ ವಿದ್ಯೆ ಇದು. ಜಿಡ್ಡಿಗೂ ನೀರಿಗೂ ಆಗುವುದಿಲ್ಲವೆಂಬುದು ನಮ್ಮ ಅಡಿಗೆ ಮನೆಯಲ್ಲಿ ಎಲ್ಲರೂ ಕಂಡ ಸಂಗತಿ. ಕಲ್ಲಚ್ಚಿನ ಗುಟ್ಟು ಅಷ್ಟೆ. ನಯವಾಗಿ ತೀಡಿದ ಒಂದು ಬಗೆಯ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಜಿಡ್ಡಿನ ಮಸಿಯಿಂದ ಅಕ್ಷರಗಳನ್ನು ಬರೆಯುತ್ತಾರೆ. ಗೋಂದು ಬೆರೆಸಿದ ತೆಳುವಾದ ಆಮ್ಲವನ್ನು ಸವರಿ, ಬಳಿಕ ಕಲ್ಲನ್ನು ನೀರಿನಿಂದ ಒದ್ದೆಮಾಡುತ್ತಾರೆ. ಬರಿಯ ಕಲ್ಲು ನೀರನ್ನು ಹಿಡಿದುಕೊಳ್ಳುತ್ತದೆ. ಬರೆದ ಕಡೆ ನೀರು ನಿಲ್ಲುವುದಿಲ್ಲ. ಈಗ ಮಸಿಯ ಉರುಳೆಯನ್ನು ಹಾಯಿಸಿದರೆ ಅಕ್ಷರಗಳಿಗೆ ಮಾತ್ರ ಮಸಿ ಹತ್ತುತ್ತದೆ. ಕಾಗದವಿಟ್ಟು ಒತ್ತಿದರೆ ಒಂದು ಪ್ರತಿ ಸಿದ್ಧ. ಬೇಕಾದಷ್ಟು ಪ್ರತಿ ತೆಗೆದ ಮೇಲೆ ಕಲ್ಲನ್ನು ಮರಳು ಹಾಕಿ ತಿಕ್ಕಿ, ಹಿಂದಿನ ಬರಹವನ್ನು ಅಳಿಸಿ, ಮುಂದಿನ ಪುಟಕ್ಕೆ ಅಣಿಮಾಡುತ್ತಾರೆ.

ಒತ್ತು, ಗುಣಿತ, ಕೊಂಬು, ದೀರ್ಘಗಳಿಂದ ತುಂಬಿದ ನಮ್ಮ ಲಿಪಿಗೆ ಈ ವಿದ್ಯೆ ಬಹಳ ಹೊಂದಿತು. ಇಂಗ್ಲಿಷಿಗಿಂತ ಎಷ್ಟೋ ಪಾಲು ಹೆಚ್ಚು ಮೊಳೆಗಳು ಕನ್ನಡಕ್ಕೆ ಬೇಕು. ಕಲ್ಲಚ್ಚಿಗೆ ಒಂದೂ ಬೇಡ. ಆದರೆ ಒಂದು ಮಾತ್ರ ಬೇಕೇ ಬೇಕು. ಅದು ಪಳಗಿದ ಕೈ. ಕಲ್ಲಿನ ಮೇಲೆ ನೇರವಾಗಿ ಬರೆಯುವುದಾದರೆ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಬರೆಯಬೇಕು. ಇಲ್ಲವಾದರೆ ವಿಶೇಷವಾದ ಕಾಗದದ ಮೇಲೆ ಬರೆದು ಕಲ್ಲಿಗೆ ಇಳಿಸಬೇಕು. ಯಾವ ರೀತಿಯಲ್ಲಿ ಮಾಡಿದರೂ ಓದುಗನು ಕೊನೆಗೆ ನೋಡುವುದು ಒಬ್ಬ ಲಿಪಿಕಾರನ ಕೈಬರಹವನ್ನೇ. ಅಜ್ಜ ಆ ಪುಟದಲ್ಲಿ ಕಂಡುಹಿಡಿದದ್ದು ಇದನ್ನೇ.

‘ಮಂಗಳೂರ ಸಮಾಚಾರ’ ಹೀಗೆ ಕಲ್ಲಿನಿಂದ ಎದ್ದು ಬಂದ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ ಹೊರಡುತ್ತಿದ್ದ ನಾಲ್ಕು ಪುಟಗಳ ಆ ಪತ್ರಿಕೆಯ ಬೆಲೆ ಒಂದು ದುಡ್ಡು. ಅದರಲ್ಲಿ ಊರ ವರ್ತಮಾನವಿತ್ತು, ಸರಕಾರದ ನಿರೂಪಗಳಿದ್ದವು, ಪರದೇಶಗಳ ಸುದ್ದಿ ಇತ್ತು; ನೀತಿಯ ಮಾತು, ಕಥೆ, ಹಾಡುಗಳೂ ಇದ್ದವು. ಸರಕಾರದ ಹೊಸ ಕಾಯಿದೆ ಏನೆಂಬುದು ಅಂದಿನವರೆಗೆ ಸಾಮಾನ್ಯ ರೈತನಿಗೆ ಶ್ಯಾನುಭೋಗರ ಅಥವಾ ಪಟೇಲರ ಬಾಯಿಂದ ತಿಳಿಯಬೇಕಾಗಿತ್ತು. ಒಂದು ದುಡ್ಡು ಕೊಟ್ಟು ತಾನೇ ಓದಿಕೊಳ್ಳಬಹುದು ಅಥವಾ ಬಲ್ಲವರಿಂದ ಓದಿಸಿಕೊಳ್ಳಬಹುದು ಎಂಬುದು ಸಣ್ಣ ಬದಲಾವಣೆಯಲ್ಲ. ಮರುವರ್ಷವೇ, 1844ರಲ್ಲಿ, ಪತ್ರಿಕೆ ಅಚ್ಚುಮೊಳೆಯ ಸೌಕರ್ಯವಿದ್ದ ಬಳ್ಳಾರಿಗೆ ಹೋಯಿತು; ಅಲ್ಲಿ ಅದರ ಹೆಸರು ‘ಕನ್ನಡ ಸಮಾಚಾರ’ ಎಂದಾಯಿತು. ಬಹು ಕಾಲ ಅದು ಬಾಳಲಿಲ್ಲ. ಆದರೆ ಕನ್ನಡದಲ್ಲಿ ಪತ್ರಿಕೆ ನಡೆಸಬಹುದೆಂಬುದು ತೋರಿಬಂದಿತು.

ಇಷ್ಟರವರೆಗೆ ಓದಿದಾಗ ಹಾರ ಹಾಕಿದವರ ಪಕ್ಷವೇ ಸರಿಯೆಂದು ನನಗೆ ಕಂಡಿತ್ತು. ಮುಂದಿನ ಅಧ್ಯಾಯ ಆ ನಿಶ್ಚಯವನ್ನು ಅಲುಗಿಸಿತು.

ಪತ್ರಿಕೆ ಹುಟ್ಟಿ ಆರು ತಿಂಗಳಾಗಿದ್ದಾಗ, 1844ರ ಜನವರಿಯಲ್ಲಿ, ಮೋಗ್ಲಿಂಗರು ಮಂಗಳೂರಿನ ಮೂವರು ಸಾರಸ್ವತ ಬ್ರಾಹ್ಮಣ ತರುಣರಿಗೆ ದೀಕ್ಷಾಸ್ನಾನ ಕೊಟ್ಟರು. ಅವರಲ್ಲಿ ಒಬ್ಬರು ಆನಂದರಾವ್ ಕೌಂಡಿನ್ಯರು. ಊರೆಲ್ಲ ಅಲ್ಲೋಲಕಲ್ಲೋಲವಾಯಿತು. ಶಾಲೆಯಿಂದ ಮಕ್ಕಳನ್ನು ಜನರು ಬಿಡಿಸಿದರು. ಆನಂದರಾಯರಿಗೆ ಆಗಲೇ ಮದುವೆಯಾಗಿತ್ತು. ಅವರ ಪತ್ನಿ ಲಕ್ಷ್ಮಿಯವರು ಗಂಡನ ಹಿಂದೆ ಹೋಗಲಿಲ್ಲ. ಒಂದು ಮನೆ ನಡುವೆ ಸೀಳಿಹೋಯಿತು. 1846ರಲ್ಲಿ ಆನಂದರಾಯರು ಮೋಗ್ಲಿಂಗರ ಜೊತೆಯಲ್ಲಿ ಯುರೋಪಿಗೆ ಹೋಗಿ, ಬಾಸೆಲಿನಲ್ಲಿ ಓದಿ, 1851ರಲ್ಲಿ ಪಾದ್ರಿಯ ಪದವಿಯನ್ನು ಪಡೆದು ಹಿಂತಿರುಗಿದರು. ಮುಂದೆ ಅವರು ಸ್ವತಃ ಅಧ್ಯಾಪಕರಾಗಿ, ಮಿಶನರಿಯಾಗಿ ಹೆಸರು ಪಡೆದರು. ಅದು ಅವರು ತಾವಾಗಿ ಆರಿಸಿಕೊಂಡ ದಾರಿ. ಅದನ್ನು ಆಕ್ಷೇಪಿಸಲು ನಾನು ಯಾರು? ಆದರೆ ಅವರ ಜೀವನಚರಿತ್ರೆ ಬರೆಯುವವರು ಬಾಸೆಲಿಗೆ ಹೋದ ಗಂಡನನ್ನು ಪುಟಗಟ್ಟಲೆ ಹಿಂಬಾಲಿಸುತ್ತಾರೆ. ಮಂಗಳೂರಿನ ಮನೆಯಲ್ಲಿ ಉಳಿದ ಹೆಂಡತಿಯನ್ನು ಒಂದೆರಡು ಸಾಲಿನಲ್ಲಿ ಬಿಟ್ಟುಬಿಡುತ್ತಾರೆ. ಆ ಸಾಲುಗಳ ಹತ್ತಿರ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಮತಾಂತರ ಮತ್ತೊಂದು ಪ್ರಶ್ನೆಯನ್ನೂ ತಂದಿತು. ಹೊಸ ಮತಕ್ಕೆ ಸೇರಿದವರನ್ನು ಜಾತಿಯವರು ಹೊರಗಿಟ್ಟರು. ಜಾತಿಯೊಡನೆ ಕಸುಬೂ ಗೇಣಿಯ ಗದ್ದೆಯೂ ಹೋದವು. ಅವರ ಹೊಟ್ಟೆಗೆ ದಾರಿ ಏನು? ಬಾಸೆಲಿನವರು ಒಂದಾದ ಮೇಲೊಂದರಂತೆ ಕೈಗಾರಿಕೆಗಳನ್ನು ಪರೀಕ್ಷಿಸಿ ನೋಡಿದರು. ಕೆಲವು ಸೋತವು. ನೆಯ್ಗೆ ಗೆದ್ದಿತು. 1851ರಲ್ಲಿ ಬಂದ ಹಾಲರ್ ಎಂಬ ನುರಿತ ನೇಕಾರರು ಯುರೋಪಿನ ರೀತಿಯ ಮಗ್ಗಗಳನ್ನು ಹೂಡಿದರು. ಖಾಕಿ ಬಣ್ಣದ ಬಟ್ಟೆಗೆ ಮಂಗಳೂರು ಹೆಸರಾದುದು ಅವರಿಂದ. ಅದೇ ವರ್ಷ ಬಂದ ಜಾರ್ಜ್ ಪ್ಲೆಬ್‌ಸ್ಟ್ ಎಂಬ ಯಂತ್ರಕುಶಲರು ಬಾಸೆಲಿನಲ್ಲಿ ಸಿದ್ಧಮಾಡಿಸಿದ ಕನ್ನಡ ಅಚ್ಚುಮೊಳೆಗಳನ್ನು ತಂದರು. 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಕಟ್ಟಿದವರೂ ಇವರೇ. ನದಿಯ ಜೇಡಿಯನ್ನು ಅರೆದು, ಅಚ್ಚಿನಲ್ಲಿ ಒತ್ತಿ, ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವಂತೆ ಸುಟ್ಟ ಆ ಕೆಂಪು ಹಂಚು ಮುಳಿಹುಲ್ಲಿನ ಮಾಡುಗಳನ್ನು ಬದಲಾಯಿಸಿತು. ಮಂಗಳೂರಿನ ಹೆಸರನ್ನು ಸಮುದ್ರದಾಚೆಗೂ ಒಯ್ದಿತು. ನಮ್ಮ ಮನೆಯ ಹಳೆಯ ಮಾಡಿನ ಹಂಚುಗಳೂ ಅದೇ ಮಾದರಿಯವು.

ಯುರೋಪಿನಿಂದ ಹಿಂತಿರುಗಿದ ಮೋಗ್ಲಿಂಗರು ಬಲ್ಮಠದಲ್ಲಿ 1847ರಲ್ಲಿ ಆರಂಭವಾದ ದೇವಶಾಸ್ತ್ರದ ಶಾಲೆಯಲ್ಲಿ ಬೋಧಿಸುತ್ತ, ತಮ್ಮ ಜೀವನದ ಅತ್ಯಂತ ದೊಡ್ಡ ಸಾಹಿತ್ಯ ಕಾರ್ಯಕ್ಕೆ ಕೈಹಾಕಿದರು. ನೀಲಗಿರಿಯಲ್ಲಿ ನೆಲೆಸಿದ್ದ ಕಾಸಮೇಜರ್ ಎಂಬ ಕಂಪೆನಿಯ ನಿವೃತ್ತ ಅಧಿಕಾರಿಗಳು ಹಣದ ಸಹಾಯ ನೀಡಿದರು. ಹೀಗೆ 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆ ಹೊರಡಲಾರಂಭಿಸಿತು. ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಮೊದಲಾದವು ಓಲೆಗರಿಯಿಂದ ಕಲ್ಲಿಗೆ, ಕಲ್ಲಿನಿಂದ ಕಾಗದಕ್ಕೆ ಇಳಿದುಬಂದವು. ಕಾಸಮೇಜರರು 1849ರಲ್ಲಿ ತೀರಿಕೊಂಡರೂ ಕೆಲಸ ಕೆಲವು ವರ್ಷ ಮುಂದುವರಿಯಿತು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಬಸವಪುರಾಣ ಶಿವಶರಣರ ಚರಿತ್ರೆ. ಜೈಮಿನಿ ಭಾರತ ಕೃಷ್ಣಚರಿತೆಯಿಂದ ತುಂಬಿದ ಕಾವ್ಯ. ದಾಸರ ಪದಗಳು ವಿಠಲನ ಸ್ತುತಿ. ಇವುಗಳಲ್ಲಿ ಯಾವುದೂ ಮೋಗ್ಲಿಂಗರು ನಂಬಿದ ಮತಕ್ಕೆ ಸೇರಿದ್ದಲ್ಲ. ಯಾವ ನಂಬಿಕೆಯನ್ನು ಬದಲಾಯಿಸಲು ಅವರು ಬಂದರೋ ಆ ನಂಬಿಕೆಯ ಗ್ರಂಥಗಳನ್ನೇ ತಮ್ಮ ಯಂತ್ರದಲ್ಲಿ ಅಚ್ಚುಮಾಡಿಸಿ ಹಂಚಿದರು. ಎದುರಾಳಿಯನ್ನು ಅರಿಯುವ ಉಪಾಯವೆಂದು ಅದನ್ನು ಹೇಳಬಹುದು. ಆರಂಭದಲ್ಲಿ ಹಾಗೆ ಇದ್ದಿರಲೂಬಹುದು. ಆದರೆ ಸಾವಿರಾರು ಪದ್ಯಗಳ ಪಾಠವನ್ನು ಓಲೆಯಿಂದ ಓಲೆಗೆ ಹೋಲಿಸಿ, ಅಕ್ಷರ ಅಕ್ಷರವನ್ನು ತಿದ್ದಿ ಅಚ್ಚಿಗೆ ಕಳುಹಿಸುವ ತಾಳ್ಮೆ ಬರಿಯ ಉಪಾಯದಿಂದ ಬರುವಂಥದಲ್ಲ. ದಾಸರ ಪದಗಳನ್ನು ಅವರು ತಮ್ಮ ಜರ್ಮನ್ ಭಾಷೆಗೂ ಅನುವಾದಿಸಿದರು. ಸೇವೆ ಎಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದು ಇಂಥ ಕಡೆ ಪ್ರೀತಿಗೆ ತಿರುಗಿರುತ್ತದೆ.

1853ರಲ್ಲಿ ಮೋಗ್ಲಿಂಗರು ಮಂಗಳೂರನ್ನು ಬಿಟ್ಟು ಕೊಡಗಿಗೆ ಹೋದರು. ಅಲ್ಲಿಯ ಆಲಮಂಡ ಮನೆತನದ ಸೋಮಯ್ಯನವರು ಕ್ರೈಸ್ತಮತವನ್ನು ಸ್ವೀಕರಿಸಿದ್ದೇ ಇದಕ್ಕೆ ನಿಮಿತ್ತ. ಕೊಡಗಿನ ಗುಡ್ಡಗಾಡಿನಲ್ಲಿ ಮಳೆ ಚಳಿಗಳನ್ನು ಸಹಿಸಿಕೊಂಡು ಶಾಲೆ ಹೂಡಿದರು. ಆ ನಾಡಿನ ಚರಿತ್ರೆ, ಆಚಾರ, ಅರಸರ ಕಥೆಗಳನ್ನು ಸಂಗ್ರಹಿಸಿ 1855ರಲ್ಲಿ ಇಂಗ್ಲಿಷಿನಲ್ಲಿ ‘ಕೂರ್ಗ್ ಮೆಮಾಯರ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಜೀತದಲ್ಲಿದ್ದ ದಲಿತ ಕುಟುಂಬಗಳಿಗಾಗಿ ಸಿದ್ದಾಪುರದ ಹತ್ತಿರ ಆನಂದಪುರವೆಂಬ ಹಳ್ಳಿ ನೆಲೆಗೊಂಡಿತು. ಅದಕ್ಕೆ ನೆಲ ಒದಗಿಸಿದವರು ಆನಂದರಾವ್ ಕೌಂಡಿನ್ಯರು. ಹಳ್ಳಿಯ ಹೆಸರೂ ಅವರದೇ. ಒಡೆಯನಿಲ್ಲದ ಒಂದು ಅಂಗಳದಲ್ಲಿ ಆ ಕುಟುಂಬಗಳು ಕಾಲೂರಿ ನಿಂತವು.

ಮೋಗ್ಲಿಂಗರ ಬಂಧುವೂ ಸಹೋದ್ಯೋಗಿಯೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆಯವರು ಕನ್ನಡ ಬೈಬಲಿನ ಪರಿಷ್ಕರಣದಲ್ಲಿ ದುಡಿದು 1855ರಲ್ಲಿ ಅಕಾಲಮರಣಕ್ಕೆ ತುತ್ತಾದರು. ಆ ಬಳಿಕ ಮೋಗ್ಲಿಂಗರು ಅವರ ವಿಧವೆ ಪೌಲೀನಾ ಅವರನ್ನು ವಿವಾಹವಾಗಿ, ತಂದೆಯಿಲ್ಲದ ಮಕ್ಕಳ ಹೊಣೆಯನ್ನು ಹೊತ್ತರು. 1858ರಲ್ಲಿ ಅವರು ಓದಿದ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರ ಕನ್ನಡದ ಕೆಲಸವನ್ನು ಮೆಚ್ಚಿ ಗೌರವ ಡಾಕ್ಟರೇಟ್ ಪದವಿಯನ್ನು ಕೊಟ್ಟಿತು. ಕನ್ನಡಕ್ಕಾಗಿ ಯುರೋಪಿನ ಒಂದು ವಿಶ್ವವಿದ್ಯಾನಿಲಯ ಪದವಿ ಕೊಟ್ಟ ಸಂಗತಿ ನಮಗೆ ಹೆಮ್ಮೆ ತರತಕ್ಕದ್ದು. ಪತ್ನಿಯ ಅನಾರೋಗ್ಯದಿಂದ 1860ರಲ್ಲಿ ಅವರು ಸ್ವದೇಶಕ್ಕೆ ಮರಳಬೇಕಾಯಿತು. ಮತ್ತೆ ಅವರು ಕನ್ನಡ ನಾಡಿಗೆ ಬರಲಿಲ್ಲ. 1881ರ ಮೇ 10ರಂದು, ಎಪ್ಪತ್ತು ತುಂಬುವುದಕ್ಕೆ ಮೂರು ವಾರವಿರುವಾಗ, ಎಸ್ಲಿಂಗೆನ್ ಎಂಬ ಊರಿನಲ್ಲಿ ತೀರಿಕೊಂಡರು.

ಅವರು ಹೋದ ಮೇಲೂ ಯಂತ್ರ ನಿಲ್ಲಲಿಲ್ಲ. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಮ್ಯಾನರರ ತುಳು ನಿಘಂಟು 1886ರಲ್ಲಿ, ಫರ್ಡಿನಂಡ್ ಕಿಟ್ಟೆಲರ ಎಪ್ಪತ್ತು ಸಾವಿರ ಶಬ್ದಗಳ ಕನ್ನಡ ನಿಘಂಟು 1894ರಲ್ಲಿ ಅದೇ ಮಂಗಳೂರಿನ ಅಚ್ಚುಕೂಟದಿಂದ ಹೊರಬಂದವು. ಕಿಟ್ಟೆಲರ ನಿಘಂಟನ್ನು ನಾವೆಲ್ಲ ಗ್ರಂಥಾಲಯದಲ್ಲಿ ಮುಟ್ಟಿ ನೋಡಿದ್ದೇವೆ. ಹಳೆಯ ಶಾಸನದ ಪದದಿಂದ ಹಿಡಿದು ಆಡುಮಾತಿನ ಗಾದೆಯವರೆಗೆ ಕನ್ನಡ, ಸಂಸ್ಕೃತ, ಇಂಗ್ಲಿಷ್ ಲಿಪಿಗಳನ್ನು ಒಂದೇ ಸಾಲಿನಲ್ಲಿ ಬೆರೆಸಿ ಮೊಳೆ ಜೋಡಿಸಿದ ಆ ಸಾವಿರದ ಏಳುನೂರಕ್ಕೂ ಮಿಕ್ಕ ಪುಟಗಳನ್ನು ಅಜ್ಜನಿಗೆ ಒಮ್ಮೆ ತೋರಿಸಿದೆ. ಅವರು ಅರ್ಥವನ್ನು ಓದಲಿಲ್ಲ. ಸಾಲುಗಳ ಮೇಲೆ ಬೆರಳಾಡಿಸುತ್ತ, ಇದನ್ನು ಜೋಡಿಸಿದವನ ಕಣ್ಣು ಏನಾಗಿರಬೇಕು ಎಂದು ಮರುಗಿದರು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನರನ್ನು ಶತ್ರುಗಳೆಂದು ಎಣಿಸಿದ ಬ್ರಿಟಿಷ್ ಸರಕಾರ ಮಿಶನ್ನಿನ ಕಾರ್ಖಾನೆಗಳನ್ನು ಕೈವಶಮಾಡಿಕೊಂಡಿತು. ಆ ಬಳಿಕ ಅವು ಬೇರೆ ಕಂಪೆನಿಗೆ ಹೋದವು. ಒಡೆಯರು ಹೋದರು. ಆದರೆ ನೇಯುವ ಕೈ, ಹಂಚು ಒತ್ತುವ ಕೈ, ಮೊಳೆ ಹೆಕ್ಕುವ ಕೈ ಈ ಊರಿನಲ್ಲಿಯೇ ಉಳಿದವು. ಒಂದು ಅಚ್ಚುಕೂಟದಲ್ಲಿ ಕಲಿತವನು ಇನ್ನೊಂದರಲ್ಲಿ ಮೇಸ್ತ್ರಿಯಾದನು. ಅವನಿಂದ ಮತ್ತೊಬ್ಬನು ಕಲಿತನು. ನಮ್ಮ ಅಜ್ಜನಿಗೆ ಕೆಲಸ ಕಲಿಸಿದವರು ಹಾಗೆ ಕಲಿತವರಲ್ಲೊಬ್ಬರು. ಅಜ್ಜ ದೇವಸ್ಥಾನದ ಜಾತ್ರೆಯ ಕರಪತ್ರವನ್ನೂ ಜೋಡಿಸಿದರು, ಇಗರ್ಜಿಯ ಹಬ್ಬದ ಆಮಂತ್ರಣವನ್ನೂ ಜೋಡಿಸಿದರು, ಉರೂಸಿನ ಜಾಹೀರಾತನ್ನೂ ಜೋಡಿಸಿದರು. ಮೊಳೆಗೆ ಮಸಿಯ ಹೊರತು ಬೇರೆ ಮೈಲಿಗೆ ತಿಳಿಯದು.

ಹಾಗಾದರೆ ತರಗತಿಯ ಆ ವಾದಕ್ಕೆ ನನ್ನ ಉತ್ತರವೇನು? ಮೋಗ್ಲಿಂಗರು ಬಂದ ಉದ್ದೇಶವನ್ನು ಮರೆಮಾಡಿ ಅವರನ್ನು ಬರಿಯ ಕನ್ನಡಸೇವಕರೆಂದು ಹೊಗಳುವುದು ಅವರಿಗೇ ಮಾಡುವ ಅನ್ಯಾಯ. ಅವರು ತಮ್ಮ ಉದ್ದೇಶವನ್ನು ಎಂದೂ ಮುಚ್ಚಿಟ್ಟವರಲ್ಲ. ಆ ಉದ್ದೇಶದಿಂದ ಕೆಲವು ಮನೆಗಳಲ್ಲಿ ಕಣ್ಣೀರು ಹರಿದದ್ದೂ ದಿಟ. ಕೆಲವರ ಕೊರಳಿನ ನೊಗ ಇಳಿದದ್ದೂ ದಿಟ. ಇವೆರಡನ್ನೂ ಹೇಳಿದ ಮೇಲೆಯೇ ಹಾರ ಹಾಕಬೇಕು. ನಾನಾದರೆ ಹಾಕುತ್ತೇನೆ. ಬೇರೆಯವರ ಭಾಷೆಯನ್ನು ಕಲಿತು, ಅವರ ಕಾವ್ಯವನ್ನು ಅವರಿಗೇ ಅಚ್ಚುಮಾಡಿ ಕೊಟ್ಟ ಮನುಷ್ಯನಿಗೆ ಅಷ್ಟು ಮಲ್ಲಿಗೆ ಹೆಚ್ಚಲ್ಲ.

ಆದರೆ ಅಜ್ಜನ ಪ್ರಶ್ನೆಗೆ ಆ ಹಾರ ಉತ್ತರವಲ್ಲ. ಸಂಪಾದಕರ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು; ಕಲ್ಲಿನ ಮೇಲೆ ಬರೆದವರು ಯಾರೆಂದು ನಾವು ಕೇಳುವುದೇ ಇಲ್ಲ. ಮೊದಲ ಪತ್ರಿಕೆಯ ಪುಟವನ್ನು ನೋಡುವಾಗ ನಮ್ಮ ಕಣ್ಣು ಕಾಣುವುದು ಆ ಕೈಯನ್ನೇ. ನಮ್ಮ ಬಾಯಿ ಹೇಳುವುದು ಬೇರೊಂದು ಹೆಸರನ್ನು.

ಇದು ಹಳೆಯ ಕಾಲದ ಮಾತು ಮಾತ್ರವಲ್ಲವೆಂಬುದು ನನಗೆ ಹೊಳೆದದ್ದು ಒಂದು ಸಣ್ಣ ಸಂಗತಿಯಿಂದ. ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ಕೆಲವು ವರ್ಷ ತಾವೇ ಜೋಡಿಸಿದ್ದರೆಂದು ಅಜ್ಜ ಹೇಳಿದಾಗ ನಾನು ಗ್ರಂಥಪಾಲಕರ ಅಪ್ಪಣೆ ಪಡೆದು ಹಳೆಯ ಸಂಪುಟಗಳನ್ನು ತೆಗೆಸಿದೆ. ಮೊದಲ ಹಾಳೆಯಲ್ಲಿ ಪ್ರಾಂಶ್ವಪಾಲರ ಹೆಸರಿದೆ, ಸಂಪಾದಕ ಮಂಡಲಿಯ ಹೆಸರುಗಳಿವೆ, ಅಚ್ಚುಕೂಟದ ಒಡೆಯರ ಹೆಸರೂ ಇದೆ. ಅಜ್ಜನ ಹೆಸರಿಲ್ಲ. ಅವರ ಬೆರಳಿನಿಂದ ಹಾಯದ ಅಕ್ಷರ ಒಂದೂ ಆ ಪುಟಗಳಲ್ಲಿಲ್ಲ. ಮನೆಗೆ ಹೋಗಿ ಇದನ್ನು ಹೇಳಿದೆ. ಅವರಿಗೆ ಬೇಸರವೇನೂ ಆಗಲಿಲ್ಲ. ಒಂದು ಸಂಪುಟದ ಒಂದು ಪುಟದಲ್ಲಿ ಒತ್ತಕ್ಷರ ತಲೆಕೆಳಗಾಗಿ ಬಿದ್ದಿತ್ತು, ಅದು ಹಾಗೆಯೇ ಉಳಿದಿದೆಯೇ ಎಂದು ಮಾತ್ರ ವಿಚಾರಿಸಿದರು. ಮರುದಿನ ಹೋಗಿ ಹುಡುಕಿದೆ. ಹಾಗೆಯೇ ಉಳಿದಿದೆ.

ಈ ಲೇಖನ ಕಂಪ್ಯೂಟರಿನಲ್ಲಿ ಜೋಡಣೆಯಾಗಿ ವಾಚಕರ ಕೈ ಸೇರುತ್ತದೆ. ಸಂಪಾದಕ ಮಂಡಲಿಯಲ್ಲಿ ನನ್ನದೊಂದು ವಿನಂತಿಯಿದೆ. ಈ ಸಂಚಿಕೆಯ ಮೊದಲ ಹಾಳೆಯಲ್ಲಿ, ಎಲ್ಲ ಹೆಸರುಗಳ ಕೆಳಗೆ ಸ್ಥಳ ಉಳಿದರೆ, ಅಕ್ಷರ ಜೋಡಿಸಿದವರ ಹೆಸರನ್ನೂ ದಯವಿಟ್ಟು ಅಚ್ಚುಮಾಡಿಸಬೇಕು. ಅದಕ್ಕೆ ಒಂದು ಸಾಲು ಸಾಕು.